ಸಾಲ್ಮೊನೆಲ್ಲಾ: ಜನಕ್ಕೂ ದನಕ್ಕೂ ತಗಲುವ ಬೇನೆ



ಮಳೆಗಾಲ ಹಿಡಿಯಿತೆಂದರೆ ಎರಡು ಮಾತು ಕಿವಿಗೆ ಬೀಳುತ್ತವೆ. "ಹುಡುಗಗ ಎಂಟು ದಿನದಿಂದ ಜ್ವರ ಬಿಟ್ಟಿಲ್ಲರೀ" ಎಂಬುದೊಂದು. "ಕೋಳಿಮರಿ ಬೆಳ್ಳಗ ಉಚ್ಚಿಕೊಂಡು ಸತ್ತುವು" ಎಂಬುದು ಇನ್ನೊಂದು. ಇದಕ್ಕೂ ಅದಕ್ಕೂ ಏನು ಸಂಬಂಧ ಅಂತೀರಾ? ಎರಡರ ಹಿಂದೆಯೂ ಒಂದೇ ಮನೆತನದ ರೋಗಾಣು ಇರಬಹುದು. ಅದರ ಹೆಸರು ಸಾಲ್ಮೊನೆಲ್ಲಾ.

ಈ ಮನೆತನದಲ್ಲಿ 2500ಕ್ಕೂ ಹೆಚ್ಚು ಬಗೆಗಳಿವೆ. ವಿಷಮಶೀತಜ್ವರ, ಅಂದರೆ ಟೈಫಾಯ್ಡ್ ತರುವ ಬಗೆ ಮನುಷ್ಯರದು ಮಾತ್ರ. ಮರಿಗಳ ಬಿಳಿ ಭೇದಿಯದು ಬಹುಮಟ್ಟಿಗೆ ಕೋಳಿಗಳದೇ. ಉಳಿದ ಹಲವಕ್ಕೆ ಜನ, ದನ ಎಂಬ ಭೇದವಿಲ್ಲ. ಕರುಗಳು ಉಚ್ಚುತ್ತವೆ, ಕುರಿಗಳು ಕಂದು ಹಾಕುತ್ತವೆ. ಅರೆಬೆಂದ ತತ್ತಿ, ಮಾಂಸ, ಕಾಯಿಸದ ಹಾಲು ಸೇವಿಸಿದವರಿಗೆ ವಾಂತಿಭೇದಿ ಆಗುತ್ತದೆ.

ನಮ್ಮಂಥ ಬಿಸಿಲು ನಾಡಿನಲ್ಲಿ ಇದರ ಕಾಟ ಹೆಚ್ಚು. ಬೆಚ್ಚಗಿನ ಆಹಾರದಲ್ಲಿ ಈ ರೋಗಾಣು ಅರ್ಧ ತಾಸಿಗೇ ಒಂದು ಎರಡಾಗುತ್ತದೆ. ಇನ್ನೊಂದು ಮೋಸವೂ ಉಂಟು: ರೋಗ ವಾಸಿಯಾಗಿ ಗಟ್ಟಿಮುಟ್ಟಾಗಿ ಕಾಣುವ ದನ, ಕೋಳಿ, ಮನುಷ್ಯರೂ ಎಷ್ಟೋ ದಿನ ಮಲದಲ್ಲಿ ಅದನ್ನು ಹೊರಹಾಕುತ್ತಿರುತ್ತಾರೆ. ಆ ಮಲ ನೀರಿಗೆ ಬಿದ್ದರೆ ಮುಗಿಯಿತು.

ಹುಬ್ಬಳ್ಳಿ-ಧಾರವಾಡದ್ದೇ ಸಂಗತಿ ಕೇಳಿರಿ. ಇಲ್ಲಿ ಬಹುಕಾಲ ಕೆಲವು ದಿನಕ್ಕೊಮ್ಮೆ ನಳದಲ್ಲಿ ನೀರು ಬರುತ್ತಿತ್ತು. ನೀರಿಲ್ಲದ ವೇಳೆ ಬಿರುಕುಬಿಟ್ಟ ಪೈಪಿನೊಳಕ್ಕೆ ಗಟಾರದ ಹೊಲಸು ಸೇರಬಲ್ಲದು. ಮುಂದೆ ಎಂಟು ವಾರ್ಡುಗಳಿಗೆ ಹಗಲಿರುಳೂ ನೀರು ಬಂತು. 2010ರಲ್ಲಿ ತೊಡಗಿ ಸಂಶೋಧಕರು ಎರಡೂ ಬಗೆಯ ವಾರ್ಡುಗಳ 3922 ಮನೆಗಳನ್ನು ಹೋಲಿಸಿ ನೋಡಿದರು. ಎಲ್ಲವೂ ಚಿಕ್ಕ ಮಕ್ಕಳಿದ್ದ ಮನೆಗಳೇ. ಸದಾ ನೀರಿದ್ದ ಕಡೆ ಟೈಫಾಯ್ಡ್ ಬಂದಿತೆಂದು ಹೇಳಿದ ಮನೆಗಳು ನೂರಕ್ಕೆ 42ರಷ್ಟು ಕಡಿಮೆಯಿದ್ದವು. ಅಂದಮೇಲೆ ನೀರಿನ ದಾರಿ ಕಾಯ್ದರೆ ಮಕ್ಕಳನ್ನು ಕಾಯ್ದಂತೆ.

ಹಾಗಾದರೆ ನಾವೇನು ಮಾಡಬೇಕು? ತಿಪ್ಪೆ, ಕೊಟ್ಟಿಗೆಯ ಗಂಜಲ ಬಾವಿ-ಬೋರಿನ ಕಡೆ ಹರಿಯದಂತೆ ನೋಡಿರಿ. ಕುಡಿಯುವ ನೀರು ಕುದಿಸಿ, ಮುಚ್ಚಿಡಿರಿ. ಕೊಡದೊಳಗೆ ಕೈ ಅದ್ದಬೇಡಿರಿ. ಹಾಲು ಉಕ್ಕುವತನಕ ಕಾಯಿಸಿರಿ, ತತ್ತಿಯ ಹಳದಿ ಗಟ್ಟಿಯಾಗಲಿ. ದನ-ಕೋಳಿ ಮುಟ್ಟಿದ ಕೈ ಸಾಬೂನಿನಿಂದ ತೊಳೆದೇ ರೊಟ್ಟಿಗೆ ಹಾಕಿರಿ. ಉಚ್ಚುವ ಕರುವನ್ನು ಬೇರೆ ಕಟ್ಟಿರಿ. ಸತ್ತ ಮರಿ, ಬಿದ್ದ ಕಂದು ಹಳ್ಳಕ್ಕೆ ಎಸೆಯದೆ ಆಳವಾಗಿ ಹೂಳಿ ಸುಣ್ಣ ಹಾಕಿರಿ.

ಜ್ವರ ಮೂರು ದಿನ ಮೀರಿದರೆ ಅಂಗಡಿಯ ಗುಳಿಗೆ ನುಂಗುತ್ತ ಕೂಡ್ರಬೇಡಿರಿ, ಡಾಕ್ಟರರಿಗೆ ತೋರಿಸಿರಿ. ಕೊಟ್ಟ ಔಷಧ ಪೂರ್ತಿ ಮುಗಿಸಿರಿ. ಮಕ್ಕಳಿಗೆ ಟೈಫಾಯ್ಡ್ ಲಸಿಕೆಯೂ ಉಂಟು, ವಿಚಾರಿಸಿರಿ.

ಕಣ್ಣಿಗೆ ಕಾಣದ ವೈರಿ ಇದು. ಆದರೆ ಅದು ಬರುವ ದಾರಿ ಕಾಣುತ್ತದಲ್ಲ, ಆ ದಾರಿ ಕಟ್ಟೋಣ.