ಬೀದರಿನ ಮಣ್ಣು, ಬಿದ್ರಿಯ ಹೆಸರು

ನೀಲಿ ಬಣ್ಣದ ಮೈಲುತುತ್ತದ ದ್ರಾವಣಕ್ಕೆ ಸತುವಿನ ಚೂರೊಂದನ್ನು ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ಅದರ ಮೈ ಕಪ್ಪಾಗತೊಡಗುತ್ತದೆ; ದ್ರಾವಣದ ನೀಲಿ ಮೆಲ್ಲನೆ ಮಾಸುತ್ತದೆ. ತಾಮ್ರಕ್ಕಿಂತ ಸತು ಹೆಚ್ಚು ಕ್ರಿಯಾಶೀಲವಾದ್ದರಿಂದ ತಾಮ್ರವನ್ನು ದ್ರಾವಣದಿಂದ ಹೊರತಳ್ಳಿ ತಾನು ಅದರ ಜಾಗ ಹಿಡಿಯುತ್ತದೆ. ಪ್ರೌಢಶಾಲೆಯ ಮಕ್ಕಳು ಅಂಕಕ್ಕಾಗಿ ಬರೆಯುವ ಈ ಪ್ರಯೋಗ ಬೀದರಿನ ಬಿದ್ರಿ ಕುಶಲಕರ್ಮಿಗಳಿಗೆ ದಿನನಿತ್ಯದ ಕೆಲಸ.

ಬಿದ್ರಿ ಪಾತ್ರೆಯ ಲೋಹದಲ್ಲಿ ಬಹುಪಾಲು ಸತು, ಜೊತೆಗೆ ಅಲ್ಪ ತಾಮ್ರ. ಸಾಮಾನ್ಯವಾಗಿ 16 ಪಾಲಿಗೆ 1 ಪಾಲು ಎನ್ನುವುದುಂಟು. ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದ ಹೂಜಿ, ತಟ್ಟೆ, ಡಬ್ಬಿಗಳನ್ನು ಅರದಿಂದ ಉಜ್ಜಿ ನಯಮಾಡಿದ ಮೇಲೆ ಮೈಲುತುತ್ತದ ನೀರು ಸವರುತ್ತಾರೆ. ಲೋಹ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಮೊನೆಯಿಂದ ಗೀರಿದ ಬಳ್ಳಿ, ಹೂವು ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತವೆ. ಗೀರಿದ ಜಾಡನ್ನು ಉಳಿಯಿಂದ ಕೊರೆದು, ಬೆಳ್ಳಿಯ ತಂತಿ ಅಥವಾ ತಗಡನ್ನು ಸುತ್ತಿಗೆಯಿಂದ ಬಡಿದು ಕೂರಿಸಿ, ಮತ್ತೆ ಉಜ್ಜಿದಾಗ ಮೊದಲಿನ ಕಪ್ಪು ಹೊರಟುಹೋಗುತ್ತದೆ. ಬೆಳ್ಳಿ ಯಾವುದು, ಸತು ಯಾವುದು ಎಂದು ಆಗ ಹೇಳುವುದೇ ಕಷ್ಟ.

ಸ್ವಾರಸ್ಯವಿರುವುದು ಮುಂದೆ. ಬೀದರ್ ಕೋಟೆಯಲ್ಲಿ ಬಹುಕಾಲ ಬಿಸಿಲು ಮಳೆ ತಾಗದ ಜಾಗಗಳ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ಲೋಹವೆಲ್ಲ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಒಳ್ಳೆಯ ಮಣ್ಣನ್ನು ನಾಲಗೆಗೆ ಹಚ್ಚಿ ರುಚಿ ನೋಡಿ ಆರಿಸುವವರೂ ಇದ್ದಾರೆ! ಮಣ್ಣಿನಲ್ಲಿ ನೈಟ್ರೇಟ್ ಲವಣಗಳು ಸೇರಿರುವುದು ಇದಕ್ಕೆ ಕಾರಣವೆಂದು ತಿಳಿದವರು ಹೇಳುತ್ತಾರೆ. ಆದರೆ ಮಣ್ಣೊಂದೇ ಸಾಲದು, ಲೋಹದಲ್ಲಿ ಆ ಚಿಟಿಕೆಯಷ್ಟು ತಾಮ್ರವೂ ಇರಬೇಕು. ಬರೀ ಸತುವಿಗೆ ಈ ಗಾಢ ಕಪ್ಪು ಹತ್ತದು.

ಹೀಗೆ ಊರಿನ ಮಣ್ಣು, ಊರಿನವರ ಕೈಚಳಕ, ಊರಿನ ಹೆಸರು ಮೂರೂ ಒಂದಕ್ಕೊಂದು ಹೆಣೆದುಕೊಂಡಿರುವ ವಸ್ತುವಿಗೆ ಕಾನೂನು ಕೊಡುವ ರಕ್ಷಣೆಯೇ ಭೌಗೋಳಿಕ ಸೂಚಕ. ಪೇಟೆಂಟಿನೊಂದಿಗೆ ಇದನ್ನು ಬೆರೆಸಬಾರದು. ಪೇಟೆಂಟ್ ಹೊಸ ಶೋಧಕ್ಕೆ ಸಿಗುವಂಥದು, 20 ವರ್ಷಕ್ಕೆ ಮುಗಿಯುತ್ತದೆ. ಭೌಗೋಳಿಕ ಸೂಚಕ ಹಳೆಯದಕ್ಕೆ, ಅದೂ ಇಡೀ ಸಮುದಾಯಕ್ಕೆ ಸಲ್ಲುವಂಥದು. 10 ವರ್ಷಕ್ಕೊಮ್ಮೆ ನವೀಕರಿಸುತ್ತ ಹೋಗಬಹುದು. ಯಾರೂ ಇದನ್ನು ಮತ್ತೊಬ್ಬರಿಗೆ ಮಾರುವಂತಿಲ್ಲ.

ನಮ್ಮ ದೇಶ ಇದಕ್ಕೆ ಕಾನೂನು ಮಾಡಿದ್ದು ತಡವಾಗಿ. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯೊಂದಿಗೆ ಜಾರಿಗೆ ಬಂದ ಬೌದ್ಧಿಕ ಸ್ವತ್ತಿನ ಒಪ್ಪಂದದಲ್ಲಿ ಒಂದು ಮಾತಿದೆ: ಸ್ವಂತ ದೇಶದಲ್ಲೇ ರಕ್ಷಣೆ ಇಲ್ಲದ ಹೆಸರನ್ನು ಬೇರೆ ದೇಶಗಳು ರಕ್ಷಿಸಬೇಕಾಗಿಲ್ಲ. 1997ರಲ್ಲಿ ಅಮೆರಿಕದ ಕಂಪನಿಯೊಂದು ಬಾಸ್ಮತಿ ಅಕ್ಕಿಯ ಮೇಲೆ ಪೇಟೆಂಟ್ ಪಡೆದಾಗಲಂತೂ ದೆಹಲಿಗೆ ಬಿಸಿ ತಟ್ಟಿತು. ಭಾರತ ಆಕ್ಷೇಪಿಸಿದ ಮೇಲೆ ಕಂಪನಿ ತನ್ನ ಹಲವು ಹಕ್ಕುಗಳನ್ನು ಬಿಟ್ಟುಕೊಡಬೇಕಾಯಿತು. 1999ರಲ್ಲಿ ಸಂಸತ್ತು ಅಂಗೀಕರಿಸಿದ ಭೌಗೋಳಿಕ ಸೂಚಕಗಳ ಕಾಯಿದೆ 2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂತು. ನೋಂದಣಿ ಕಚೇರಿ ಇರುವುದು ಚೆನ್ನೈಯಲ್ಲಿ. ಮೊದಲು ನೋಂದಣಿಯಾದದ್ದು ಡಾರ್ಜಿಲಿಂಗ್ ಚಹಾ. ಬಿದ್ರಿಗೆ ಆ ಮನ್ನಣೆ ದೊರೆತದ್ದು 2006ರಲ್ಲಿ. ಮೈಸೂರು ರೇಷ್ಮೆ, ಚನ್ನಪಟ್ಟಣದ ಗೊಂಬೆ, ಇಳಕಲ್ ಸೀರೆ, ಧಾರವಾಡ ಪೇಡ, ಬ್ಯಾಡಗಿ ಮೆಣಸಿನಕಾಯಿ, ಉಡುಪಿಯ ಮಟ್ಟುಗುಳ್ಳ ಇವೆಲ್ಲ ಇದೇ ಪಟ್ಟಿಯಲ್ಲಿವೆ.

ಹೆಸರು ನೋಂದಣಿಯಾದ ಮಾತ್ರಕ್ಕೆ ಕುಲುಮೆಯ ಮುಂದೆ ಕುಳಿತವನ ಕೂಲಿ ಹೆಚ್ಚಿತೇ? ಇಲ್ಲ. ಕಾಯಿದೆಯಲ್ಲಿ ಎರಡು ಹಂತಗಳಿವೆ. ಸಂಘವೋ ಸರ್ಕಾರಿ ನಿಗಮವೋ ಹೆಸರನ್ನು ನೋಂದಾಯಿಸುವುದು ಒಂದು. ಪ್ರತಿಯೊಬ್ಬ ತಯಾರಕ ತಾನು ‘ಅಧಿಕೃತ ಬಳಕೆದಾರ’ ಎಂದು ದಾಖಲಾಗುವುದು ಇನ್ನೊಂದು. ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಮೊದಲನೆಯದು. ಕಸುಬುದಾರನಿಗೆ ನೇರವಾಗಿ ಉಪಯೋಗವಾಗುವುದು ಎರಡನೆಯದು. ಅದಕ್ಕೆ ಅರ್ಜಿ, ದಾಖಲೆ, ಓಡಾಟ ಬೇಕು. ದಿನಗೂಲಿ ಬಿಟ್ಟು ಅದನ್ನೆಲ್ಲ ಮಾಡುವವರು ಯಾರು? ಕೈಹಿಡಿದು ಅರ್ಜಿ ತುಂಬಿಸಿಕೊಡುವ ವ್ಯವಸ್ಥೆ ಬೀದರಿನ ಓಣಿಗಳಲ್ಲೇ ಇರಬೇಕಾದದ್ದು ನ್ಯಾಯ.

ಬೀದರಿನ ಶಾ ರಶೀದ್ ಅಹಮದ್ ಖಾದ್ರಿ ಅವರಿಗೆ ಈ ಕಲೆಗಾಗಿ 2023ರಲ್ಲಿ ಪದ್ಮಶ್ರೀ ಸಂದಿತು. ಊರಿಗೆ ಅದು ಹೆಮ್ಮೆಯೇ. ಆದರೆ ಬೆಳ್ಳಿಯ ದರ ಏರುತ್ತ ಹೋದಂತೆ ಕಚ್ಚಾ ಸಾಮಗ್ರಿಗೇ ಹಣ ಹೊಂದಿಸಬೇಕಾದ ಮನೆಗಳಲ್ಲಿ, ಮಗ ಉಳಿ ಹಿಡಿಯಬೇಕೇ ಬೇರೆ ನೌಕರಿ ಹುಡುಕಬೇಕೇ ಎಂಬ ಪ್ರಶ್ನೆಗೆ ಪ್ರಶಸ್ತಿಯಿಂದ ಉತ್ತರ ಸಿಗುವುದಿಲ್ಲ.

ಕೊಳ್ಳುವವರು ನೋಡಬೇಕಾದದ್ದೂ ಒಂದಿಷ್ಟಿದೆ. ಕರಿಬಣ್ಣ ಬಳಿದು ಬಿಳಿ ಗೆರೆ ಎಳೆದ ಅಗ್ಗದ ಅನುಕರಣೆಯಲ್ಲಿ ಉಗುರಿನಿಂದ ಗೀರಿದರೆ ಬಣ್ಣ ಏಳಬಹುದು. ಬಿದ್ರಿಯ ಕಪ್ಪು ಬಳಿದದ್ದಲ್ಲ, ಲೋಹದ ಮೇಲ್ಮೈಯೇ ಮಾರ್ಪಟ್ಟದ್ದು. ಕೈಗೆತ್ತಿಕೊಂಡರೆ ತೂಕವೂ ತಿಳಿಯುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಭೌಗೋಳಿಕ ಸೂಚಕಕ್ಕೆಂದೇ ಲಾಂಛನವೊಂದನ್ನು ಹೊರತಂದಿದೆ. ಡಬ್ಬಿಯ ಮೇಲೆ ಅದು ಇದೆಯೇ, ತಯಾರಕರು ಅಧಿಕೃತ ಬಳಕೆದಾರರೇ ಎಂದು ಅಂಗಡಿಯವರನ್ನು ಕೇಳುವುದಕ್ಕೆ ಸಂಕೋಚ ಬೇಡ.