ಮಗಳು ಕಂಪೆನಿ ಕೆಲಸಕ್ಕೆ ಹೊರಟಾಗ

ಸಹೋದರಿಯರೇ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ನಿಮ್ಮ ಮನೆಯ ಮಗಳೂ ನರಸಾಪುರದ ಕಾರ್ಖಾನೆಗೆ ಹೊರಟಿದ್ದಾಳೆಯೇ? ಸಂತೋಷ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಕೋಲಾರ ಜಿಲ್ಲೆಗೆ 2013ರಲ್ಲಿ ಜಪಾನಿನ ಹೋಂಡಾ ಬಂತು. ಬಳಿಕ ತೈವಾನಿನ ವಿಸ್ಟ್ರಾನ್ ಐಫೋನ್ ಜೋಡಿಸುವ ಕೆಲಸ ತಂದಿತು. ಅಲ್ಲಿ ಹೆಚ್ಚಿನವರು ಗುತ್ತಿಗೆದಾರರ ಮೂಲಕ ಸೇರಿದವರು. ಸಂಬಳ ಸರಿಯಾಗಿ ಬರಲಿಲ್ಲವೆಂದು 2020ರ ಡಿಸೆಂಬರ್‌ನಲ್ಲಿ ದಾಂಧಲೆಯೇ ನಡೆಯಿತು. ಕೆಲವರಿಗೆ ವೇತನ ಸರಿಯಾಗಿ ಸಂದಿರಲಿಲ್ಲವೆಂದು ಕೊನೆಗೆ ಕಂಪೆನಿಯೇ ಒಪ್ಪಿಕೊಂಡಿತು. 2023ರಲ್ಲಿ ಆ ಕಾರ್ಖಾನೆ ಟಾಟಾದವರ ಕೈಸೇರಿತು.

ಮಾಲೀಕರು ಬದಲಾಗಬಹುದು, ಮಗಳ ಬೆವರಿನ ಲೆಕ್ಕ ತಪ್ಪಬಾರದು. ನೇಮಕಾತಿ ಪತ್ರ ಕೇಳಿ ಪಡೆಯಿರಿ. ಸಂಬಳ ಕೊಡುವವರು ಕಂಪೆನಿಯೋ ಗುತ್ತಿಗೆದಾರರೋ ತಿಳಿದುಕೊಳ್ಳಿ. ಪ್ರತಿ ತಿಂಗಳ ಸಂಬಳದ ಚೀಟಿಯಲ್ಲಿ ಪಿ.ಎಫ್., ಇ.ಎಸ್.ಐ. ಕಡಿತ ನೋಡಿ. ಓವರ್‌ಟೈಮ್ ದುಡಿಮೆಗೆ ಕಾನೂನಿನಂತೆ ಎರಡರಷ್ಟು ಕೂಲಿ ಸಿಗಬೇಕು. ಇಷ್ಟನ್ನು ಮೊದಲ ದಿನವೇ ಮಗಳಿಗೆ ಹೇಳಿಕೊಡಿ.