ಬಾಗಿದರೆ ಮಾತ್ರ ಸ್ಕೀ

ಸ್ಕೀ ನೋಡಲು ಹಲಗೆ, ಕೆಲಸದಲ್ಲಿ ಸ್ಪ್ರಿಂಗು. ಒಂದು ಜೊತೆ ಸ್ಕೀಗಳ ಅಡಿಭಾಗಗಳನ್ನು ಒಂದಕ್ಕೊಂದು ಆನಿಸಿ ಹಿಡಿಯಿರಿ. ಮುಂದೆಯೂ ಹಿಂದೆಯೂ ತಾಗುತ್ತವೆ, ನಡುವೆ ಸಂದು ಉಳಿಯುತ್ತದೆ. ಆ ಸಂದನ್ನು ಹಿಸುಕಿ ಮುಚ್ಚಲು ಎಷ್ಟು ಬಲ ಬೇಕಾಯಿತೆಂದು ಗಮನಿಸಿದರೆ ಅದು ಯಾರ ತೂಕಕ್ಕೆ ಮಾಡಿದ್ದೆಂಬ ಅಂದಾಜು ಸಿಗುತ್ತದೆ.

ಎಂಬತ್ತರ ದಶಕದಲ್ಲಿ ಆಲ್ಪ್ಸ್‌ನಲ್ಲಿ ಕಲಿತು, ಬಿಟ್ಟು, ಈಗ ಮತ್ತೆ ಇಳಿಜಾರಿಗೆ ಬರುವ ಹೆಂಗಸಿಗೆ ನೆನಪಿರುವುದು ಹೆಚ್ಚುಕಡಿಮೆ ನೇರವಾದ, ಉದ್ದನೆಯ ಸ್ಕೀ. ಆಗ ಕೈ ಮೇಲೆತ್ತಿ ಮಣಿಕಟ್ಟಿನವರೆಗೆ ಅಳೆದು ಕೊಡುತ್ತಿದ್ದರು. 1993ರಲ್ಲಿ ಸ್ಲೊವೇನಿಯಾದ ಎಲಾನ್ ಕಂಪನಿ ತಂದ ಎಸ್‌ಸಿಎಕ್ಸ್ ಆ ಲೆಕ್ಕವನ್ನೇ ಬದಲಿಸಿತು. ಮೂತಿ ಮತ್ತು ಬಾಲ ಅಗಲ, ಸೊಂಟ ಸಣ್ಣ. ಇಂಥ ಸ್ಕೀಯನ್ನು ಓರೆ ಮಾಡಿದಾಗ ಎರಡು ತುದಿಗಳ ಅಂಚು ಮೊದಲು ಹಿಮ ಕಚ್ಚುತ್ತದೆ. ಸೊಂಟದ ಕೆಳಗೆ ಏನೂ ಇಲ್ಲದ್ದರಿಂದ ಮೈಭಾರಕ್ಕೆ ಅದು ಕೆಳಗೆ ಬಾಗಿ ಬಿಲ್ಲಾಗುತ್ತದೆ, ಆ ಬಿಲ್ಲಿನ ಗೆರೆಯಲ್ಲೇ ತಿರುಗುತ್ತದೆ. ಸ್ಕೀಯ ಮೇಲೆ 14 ಮೀಟರ್ ತ್ರಿಜ್ಯ ಎಂದು ಬರೆದಿದ್ದರೂ 60 ಡಿಗ್ರಿ ಓರೆಯಾದಾಗ ತಿರುವು ಸುಮಾರು 7 ಮೀಟರಿಗೆ ಇಳಿಯುತ್ತದೆ. ಹಾಗಾಗಿ ಈಗ ಗದ್ದದಿಂದ ಹಣೆಯವರೆಗಿನ ಎತ್ತರದ ಸ್ಕೀ ಸಾಕು. ಮರಳಿ ಬಂದವರಿಗೆ ಗದ್ದದ ಕಡೆಯದೇ ಹಿತ.

ಆದರೆ ಬಾಗಿಸಬೇಕಾದದ್ದು ತೂಕ ಮತ್ತು ವೇಗ. 85 ಕಿಲೋ ಗಂಡಸಿಗೆ ಮಾಡಿದ ಗಡುಸು ಸ್ಕೀ 55 ಕಿಲೋ ಹೆಂಗಸಿನ ಕಾಲಡಿಯಲ್ಲಿ ಬಾಗುವುದೇ ಇಲ್ಲ, ಬರೀ ಪಕ್ಕಕ್ಕೆ ಜಾರುತ್ತದೆ. ಆಕೆ ತಪ್ಪು ತನ್ನದೆಂದುಕೊಳ್ಳುತ್ತಾಳೆ! ಹೆಂಗಸರ ಸ್ಕೀ ಎಂಬುದಕ್ಕೆ ಅರ್ಥವಿರುವುದು ಇಲ್ಲಿ: ಹಗುರ ಮರದ ತಿರುಳು, ಮೆದು ಬಾಗು, ಬೂಟು ಕೂರುವ ಜಾಗ ತುಸು ಮುಂದೆ. ಉಳಿದದ್ದು ಬಣ್ಣ. ಗಂಡಸರ ಸ್ಕೀಯನ್ನೇ ಗಿಡ್ಡ ಮಾಡಿ ಹೂವು ಬರೆದು ಮಾರಿದ ಕಾಲವೂ ಇತ್ತು. ಕಾಲಲ್ಲಿ ಕಸುವಿರುವ, ವೇಗವಾಗಿ ಇಳಿಯುವ ಹೆಂಗಸು ಆ ಹಣೆಪಟ್ಟಿಯನ್ನು ಧಾರಾಳವಾಗಿ ಮರೆಯಬಹುದು. ಸಣಕಲು ಗಂಡಸಿಗೆ ಅದೇ ಸ್ಕೀ ಒಪ್ಪಲೂಬಹುದು.

ಸೊಂಟದ ಅಗಲವನ್ನು ಹಿಮ ನೋಡಿ ಆರಿಸಬೇಕು. ಯಂತ್ರ ಹಾಯಿಸಿ ಹದಮಾಡಿದ ದಾರಿಗೆ 70ರಿಂದ 80 ಮಿಲಿಮೀಟರ್ ಚೆನ್ನ, ಅಂಚಿನಿಂದ ಅಂಚಿಗೆ ಬೇಗ ಹೊರಳುತ್ತದೆ. ಗುಲ್ಮಾರ್ಗ್‌ನ ಅಫರ್ವತ್ ಬೆಟ್ಟದ ಮೇಲಿನ ಪುಡಿಹಿಮದಲ್ಲಿ ಅದು ಹೂತುಹೋಗುತ್ತದೆ, ಅಲ್ಲಿ 100ರ ಆಸುಪಾಸು ಬೇಕು.

ಸ್ಕೀಗಿಂತ ಅದಕ್ಕೆ ಬೂಟನ್ನು ಹಿಡಿದಿಡುವ ಬೈಂಡಿಂಗ್ ಬಗ್ಗೆ ನನಗೆ ಹೆಚ್ಚು ಚಿಂತೆ. ಬಿದ್ದಾಗ ಬೂಟನ್ನು ಬಿಟ್ಟುಕೊಡುವ ಅದರ ಬಿಗಿಯನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಇಳಿಯುವ ಧಾಟಿ ನೋಡಿ ಹೊಂದಿಸುತ್ತಾರೆ. ಐವತ್ತು ದಾಟಿದವರಿಗೆ ಪಟ್ಟಿಯಲ್ಲಿ ಬಿಗಿ ಒಂದು ಮೆಟ್ಟಿಲು ಕಡಿಮೆ. ಹಳೆಯ ಅಂಕಿ ಹೇಳಿ ಅಷ್ಟಕ್ಕೇ ಇಡಿ ಎನ್ನುವಂತಿಲ್ಲ. ಮೊಣಕಾಲ ಕೆಳಗಿನ ಮೂಳೆಯನ್ನು ಬೈಂಡಿಂಗ್ ಚೆನ್ನಾಗಿ ಕಾಯುತ್ತದೆ. ಮಂಡಿಯೊಳಗಿನ ಅಸ್ಥಿರಜ್ಜುವನ್ನು ಅಷ್ಟಾಗಿ ಕಾಯದು. ಸ್ಕೀಯಿಂಗ್‌ನಲ್ಲಿ ಆ ರಜ್ಜು ಹರಿಯುವುದು ಹೆಂಗಸರಲ್ಲೇ ಹೆಚ್ಚು.

ಕೊಳ್ಳುವ ಮೊದಲು ಬಾಡಿಗೆಗೆ ತೆಗೆದುಕೊಳ್ಳಿ. ಪರೀಕ್ಷೆಗೆಂದು ಕೊಡುವ ಎಷ್ಟೋ ಸ್ಕೀಗಳಲ್ಲಿ ಬೈಂಡಿಂಗ್ ಹಳಿಯ ಮೇಲೆ ಹಿಂದೆಮುಂದೆ ಸರಿಯುತ್ತದೆ. ಅಂಗಡಿಯವರಿಂದ ಒಂದು ಸೆಂಟಿಮೀಟರ್ ಮುಂದೆ ಮಾಡಿಸಿಕೊಂಡು ಅದೇ ಇಳಿಜಾರನ್ನು ಮತ್ತೊಮ್ಮೆ ಇಳಿದು ನೋಡಿ.